ಬೀಗಿತ್ತಿಯ ಆಡು, ಲೈನ್‌ಮನ್‌ನ ಅಂಜೂರ

ಮಗಳಿಗೆ ಗಂಡು ನೋಡಲು ಬೇರೆ ಅಪ್ಪಂದಿರು ಹತ್ತು ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಲೈನ್‌ಮನ್ ಹತ್ತಿದ್ದು ಒಂದೇ ಒಂದು ಕಂಬ.

ಮೇಲ್ಬೀದಿಯಲ್ಲಿ ಕರೆಂಟು ಹೋಗಿದೆ ಎಂದು ದೂರು ಬಂದ ದಿನ ಅದು. ಕಂಬದ ತುದಿಯಲ್ಲಿ ಬೆಲ್ಟಿಗೆ ಜೋತುಬಿದ್ದು, ಕಟಿಂಗ್ ಪ್ಲೇಯರ್ ಹಿಡಿದು ತಂತಿ ಬಿಗಿಯುತ್ತಿದ್ದವನಿಗೆ ಕೆಳಗಿನ ಹಿತ್ತಿಲಲ್ಲಿ ಒಬ್ಬ ಯುವಕ ತನ್ನ ತಾಯಿಯ ಜೊತೆ ಹೊದಿಕೆ ಮಡಿಸುತ್ತಿರುವುದು ಕಂಡಿತು. ಆ ತುದಿ ಅವನು ಹಿಡಿದಿದ್ದ, ಈ ತುದಿ ತಾಯಿ. ಮೂಲೆಗೆ ಮೂಲೆ ಕೂಡಲಿಲ್ಲವೆಂದು ತಾಯಿ ಗದರಿದರು. ಹುಡುಗ ನಕ್ಕ, ಹೊದಿಕೆ ಬಿಚ್ಚಿದ, ಮತ್ತೆ ಮೊದಲಿಂದ ಮಡಿಸಿದ. ಲೈನ್‌ಮನ್ ಕಂಬ ಇಳಿದು ನೇರ ಮನೆಗೆ ಹೋಗಿ, ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಹೆಂಡತಿಗೆ, “ಗಂಡು ಸಿಕ್ಕಿದ,” ಅಂದ.

“ಎಲ್ಲಿ?”

“ಹಿತ್ತಿಲ ಬಾಗಿಲು ತೆಗೆದು ನೋಡು. ಬದುವಿನ ಆಚೆ.”

ಅವನ ಮನೆ ಕೆಳಬೀದಿಗೆ ಮುಖ ಮಾಡಿತ್ತು, ಅವರ ಮನೆ ಮೇಲ್ಬೀದಿಗೆ. ಎರಡೂ ಮನೆಗಳ ಹಿತ್ತಿಲುಗಳು ಬೆನ್ನಿಗೆ ಬೆನ್ನು ಕೊಟ್ಟುಕೊಂಡಿದ್ದವು. ನಡುವೆ ಮೊಣಕಾಲೆತ್ತರದ ಒಂದು ಮಣ್ಣಿನ ಬದು, ಅಷ್ಟೇ. ಹುಡುಗ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದ. ತಾಯಿ ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಮಾತುಕತೆ ಬದುವಿನ ಮೇಲೆಯೇ ನಡೆದು, ಆರು ತಿಂಗಳಲ್ಲಿ ಮದುವೆಯೂ ಆಯಿತು. ಮಗಳು ತವರಿನಿಂದ ಗಂಡನ ಮನೆಗೆ ಹೋಗಲು ಇಟ್ಟದ್ದು ನೂರ ಇಪ್ಪತ್ತು ಹೆಜ್ಜೆ.

ಮದುವೆಯ ಹಿಂದಿನ ದಿನದವರೆಗೂ ಹಿಂದಿನ ಮನೆಯವರಾಗಿದ್ದವರು ಮಾರನೇ ದಿನ ಬೀಗರಾದರು. ಬೀಗರೆಂದರೆ ಗಾಜಿನ ಲೋಟ. ಎಲ್ಲಿ ಹಿಡಿದರೆ ಎಲ್ಲಿ ಬಿರುಕು ಬಿಡುತ್ತದೋ ತಿಳಿಯದು. ಲೈನ್‌ಮನ್‌ನ ಬಾಯಿಯೋ, ಮೂವತ್ತನಾಲ್ಕು ವರ್ಷ ಕಂಬದ ಮೇಲಿಂದ ಕೆಳಗಿನವರ ಜೊತೆ ಕೂಗಿ ಕೂಗಿ ದೊಡ್ಡದಾದ ಬಾಯಿ. ಸಿಟ್ಟು ಬಂದರೆ ಅವನು ಬಳಸುತ್ತಿದ್ದ ಪದಗಳಲ್ಲಿ ಅರ್ಧ ನಿಘಂಟಿನಲ್ಲಿ ಇರಲಿಲ್ಲ, ಇದ್ದ ಅರ್ಧ ಅಲ್ಲಿ ಇರಬಾರದಿತ್ತು. ಅಂಥವನಿಗೆ ಹೆಂಡತಿ ಮದುವೆಯ ದಿನವೇ ಹೇಳಿದ್ದಳು: “ಇನ್ಮೇಲೆ ಹಿತ್ತಿಲಲ್ಲಿ ಬಾಯಿಗೆ ಬೀಗ. ಬೀಗಿತ್ತಿಯವರು ಅಂತ ಕರೀಬೇಕು. ಬನ್ನಿ, ಹೋಗಿ, ಕೂತ್ಕೊಳ್ಳಿ. ಏಕವಚನ ಬಾಯಿಂದ ಜಾರಿದ್ರೆ ಮಗಳ ತಲೆ ಮೇಲೆ ಬೀಳುತ್ತೆ.”

ಅವನು ಒಪ್ಪಿಕೊಂಡ. ಮಗಳ ವಿಷಯದಲ್ಲಿ ಅವನು ಒಪ್ಪಿಕೊಳ್ಳದೆ ಇದ್ದದ್ದು ಕಡಿಮೆ.

ಮಗಳ ಮದುವೆಯಾದ ನಾಲ್ಕನೇ ವರ್ಷ ಅವನು ನಿವೃತ್ತನಾದ. ಸುಮ್ಮನೆ ಕೂರುವ ಜಾತಿಯಲ್ಲ. ಹಿತ್ತಿಲಲ್ಲೇ ಅರ್ಧ ಎಕರೆ ಜಾಗ ಬಿದ್ದಿತ್ತು. ಮೂರು ಕಡೆ ಆಳೆತ್ತರದ ಕಲ್ಲುಗೋಡೆ, ನಾಲ್ಕನೇ ಕಡೆ ಆ ಬದು. ಅಲ್ಲಿ ಹಣ್ಣಿನ ಗಿಡ ಹಾಕುತ್ತೇನೆಂದ. ಕೆಲಸದಲ್ಲಿದ್ದಷ್ಟು ದಿನ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವುದೇ ಅವನ ಅರ್ಧ ಕೆಲಸವಾಗಿತ್ತು. ಊರಿನಲ್ಲಿ ಅವನ ಕತ್ತಿ ತಾಗದ ಮರವಿರಲಿಲ್ಲ. ಅವನು ಏಣಿ ಹೊತ್ತು ಬೀದಿಗೆ ಬಂದರೆ ಮನೆಯವರು ಹೊರಗೆ ಬಂದು ತಮ್ಮ ಮರದ ಬುಡ ತಬ್ಬಿ ನಿಲ್ಲುತ್ತಿದ್ದುದುಂಟು. “ಇಷ್ಟು ಕಡಿದಿದ್ದೀನಿ, ನಾಲ್ಕು ಬೆಳೆಸಿ ಹೋಗ್ತೀನಿ,” ಅಂದ. ಅಂದವನು ನಾಲ್ಕಕ್ಕೆ ನಿಲ್ಲಲಿಲ್ಲ. ನಲವತ್ತು ಅಂಜೂರ, ಇಪ್ಪತ್ತು ದಾಳಿಂಬೆ. ಕಂಬ ನೆಡುವವನ ಕೈ, ಗುಂಡಿಗಳೆಲ್ಲ ನೇರ ಸಾಲುಗಳಲ್ಲಿ, ಒಂದೇ ಆಳ. ಒಂದು ತುದಿಯಲ್ಲಿ ಒಂದು ಕಣ್ಣು ಮುಚ್ಚಿ ನಿಂತು ನೋಡಿದರೆ ಅರವತ್ತು ಸಸಿಯೂ ಮೆರವಣಿಗೆಗೆ ನಿಂತ ಪೊಲೀಸರ ಹಾಗೆ ಕಾಣುತ್ತಿದ್ದವು.

ಬೀಗಿತ್ತಿಯವರು ನಿವೃತ್ತಿಯ ನಂತರ ಹಿಡಿದ ಕೆಲಸ ಆಡು ಸಾಕುವುದು. ಹನ್ನೊಂದು ಆಡುಗಳಿದ್ದವು. ಶಾಲೆಯಲ್ಲಿದ್ದಾಗ ಮಕ್ಕಳನ್ನು ಹೇಗೋ ಹಾಗೇ ಅವುಗಳನ್ನೂ ಸಾಲಾಗಿ ಬಿಡುತ್ತಿದ್ದರು, ಸಾಲಾಗಿ ಕಟ್ಟುತ್ತಿದ್ದರು. ಮುಂದೆ ನಡೆಯುವ ದೊಡ್ಡ ಕೊಂಬಿನ ಹೆಣ್ಣಾಡಿಗೆ ಮಾನಿಟರ್ ಎಂದು ಹೆಸರು. ಶಿಸ್ತು ಬದುವಿನವರೆಗೆ ಮಾತ್ರ. ಬದು ದಾಟಿದರೆ ಶಾಲೆ ಬಿಟ್ಟ ಹಾಗೆ.

ಸಸಿಗಳು ಎರಡನೇ ಜೊತೆ ಎಲೆ ಬಿಟ್ಟ ವಾರ, ಒಂದು ಬೆಳಗ್ಗೆ ಲೈನ್‌ಮನ್ ನೀರಿನ ಪೈಪು ಹಿಡಿದು ಹೋದ. ಮೊದಲ ಸಾಲಿನ ಹನ್ನೆರಡು ಅಂಜೂರಗಳಿಗೆ ತಲೆಯೇ ಇರಲಿಲ್ಲ. ಮೊಳದುದ್ದದ ಕಡ್ಡಿಗಳು ಮಾತ್ರ ನಿಂತಿದ್ದವು. ಹಿಂದೆಯೇ ಬಂದ ಹೆಂಡತಿ ಬಗ್ಗಿ ನೋಡಿ, “ನೀವು ಕಡೀತಿದ್ದದ್ದಕ್ಕಿಂತ ಒಪ್ಪವಾಗಿ ಕಡಿದಿದಾವೆ,” ಅಂದಳು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬದುವಿನ ಆಚೆ, ಕನ್ನಡಕ ಸರಿಮಾಡಿಕೊಳ್ಳುತ್ತ, ಬೀಗಿತ್ತಿಯವರು.

“ಏನು ಬೀಗರೇ, ಬೆಳಬೆಳಗ್ಗೆ ಕೆಲಸ ಶುರು ಮಾಡಿದ್ದೀರಿ.”

ಲೈನ್‌ಮನ್ ನುಂಗಿದ. ಬೀಗಿತ್ತಿಯವರಿಗೆ ಬಹುವಚನ ಕೊಡಬೇಕೆಂದು ನಾಲ್ಕು ವರ್ಷ ಹದಗೊಳಿಸಿದ ನಾಲಿಗೆ, ಗಾಬರಿಯಲ್ಲಿ ಅವರ ಆಡುಗಳಿಗೂ ಕೊಟ್ಟುಬಿಟ್ಟಿತು.

“ಹ್ಞಾಂ ಬೀಗಿತ್ತಿಯವರೇ. ನಿಮ್ಮ ಆಡುಗಳು ಬೆಳಗ್ಗೆ ನಮ್ಮ ತೋಟಕ್ಕೆ ಬಂದಿದ್ರು.”

“ಹೌದಾ? ಎಷ್ಟು ಜನ?”

“ಎಲ್ಲರೂ ಬಂದಿದ್ರು ಅನ್ಸುತ್ತೆ.”

“ಏನಾದ್ರೂ ತಗೊಂಡ್ರಾ?”

“ಅಂಜೂರ ತಗೊಂಡ್ರು. ದಾಳಿಂಬೆ ಸುಮ್ಮನೆ ರುಚಿ ನೋಡಿ ಬಿಟ್ರು.”

“ಸಂಕೋಚ ಪಟ್ಟುಕೊಂಡಿರ್ತಾರೆ,” ಎಂದು ಬೀಗಿತ್ತಿಯವರು ನಕ್ಕು ಒಳಗೆ ಹೋದರು.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮನೆಯೊಳಗೆ ಓಡಿದಳು. ಲೈನ್‌ಮನ್ ಪೈಪು ಹಿಡಿದುಕೊಂಡು ತನ್ನ ಕಾಲಿಗೇ ನೀರು ಬಿಟ್ಟುಕೊಳ್ಳುತ್ತ ಬಹಳ ಹೊತ್ತು ನಿಂತಿದ್ದ.

ನೇರವಾಗಿ ಹೇಳುವಂತಿಲ್ಲ ಎಂದಮೇಲೆ ಗಿಡವನ್ನೇ ಕಾಯಬೇಕಾಯಿತು. ಆಡು ತನ್ನ ಹಿಕ್ಕೆಯ ವಾಸನೆ ಇರುವ ಎಲೆಗೆ ಬಾಯಿ ಹಾಕುವುದಿಲ್ಲ ಎಂದು ಹಳೇ ಕಚೇರಿಯ ಸ್ನೇಹಿತನೊಬ್ಬ ಹೇಳಿದ. ಹಿಕ್ಕೆಯನ್ನು ನೀರಿನಲ್ಲಿ ಕದಡಿ ಎಲೆಗೆ ಬಳಿಯಬೇಕು. ಹಿಕ್ಕೆ ಎಲ್ಲಿಂದ ತರುವುದು? ಬೀಗಿತ್ತಿಯವರನ್ನೇ ಕೇಳಿದ. ಗೊಬ್ಬರಕ್ಕೆ ಎಂದುಕೊಂಡು ಅವರು ಸಂತೋಷದಿಂದ ಎರಡು ಬುಟ್ಟಿ ತುಂಬಿಸಿ, ಮೇಲೆ ಒಂದು ಬಟ್ಟೆ ಹೊದಿಸಿ, ಸೊಸೆಯ ಕೈಯಲ್ಲಿ ಕಳಿಸಿದರು. ಲೈನ್‌ಮನ್ ಮೂರು ದಿನ ಕೂತು ಎಲೆ ಎಲೆಗೆ ಬಣ್ಣ ಹಚ್ಚುವ ಹಾಗೆ ಬಳಿದ. ಹೆಂಡತಿ ಅವನ ಊಟದ ತಟ್ಟೆಯನ್ನು ಜಗಲಿಯಲ್ಲಿ ಇಟ್ಟು ಒಳಬಾಗಿಲು ಹಾಕಿಕೊಂಡಳು. ಕೆಲಸವೇನೋ ನಡೆಯಿತು. ಆಡುಗಳು ಬಂದವು, ಮೂಸಿದವು, ಅವನ ಕಡೆ ಒಂದು ಥರ ನೋಡಿ ಹೋದವು. ಎಂಟನೇ ದಿನ ಮಳೆ ಬಂದು ಎಲೆಗಳನ್ನು ತೊಳೆದು ಹೊಳೆಹೊಳೆಯುವಂತೆ ಮಾಡಿತು. ಒಂಬತ್ತನೇ ದಿನ ಎರಡನೇ ಸಾಲಿಗೆ ತಲೆ ಇರಲಿಲ್ಲ.

ಆಮೇಲೆ ಮುಳ್ಳು. ಊರಾಚೆಯಿಂದ ಜಾಲಿಮುಳ್ಳಿನ ಕೊಂಬೆಗಳನ್ನು ಕಡಿದು ತಂದು ಒಂದೊಂದು ಸಸಿಯ ಸುತ್ತಲೂ ಒತ್ತಿ ನಿಲ್ಲಿಸಿದ. ಕೈತುಂಬ ಗೀರು ಮಾಡಿಕೊಂಡ. ಜಾಲಿಯ ಎಲೆ, ಕಾಯಿ ಅಂದರೆ ಆಡಿಗೆ ಪ್ರಾಣ ಎಂಬುದು ಕಂಬದ ಮೇಲೆ ಆಯಸ್ಸು ಕಳೆದವನಿಗೆ ಗೊತ್ತಿರಲಿಲ್ಲ. ಮಾನಿಟರ್ ತುಟಿಯನ್ನು ಚಿಮಟದ ಹಾಗೆ ಮಾಡಿಕೊಂಡು ಮುಳ್ಳುಗಳ ನಡುವಿನಿಂದ ಎಲೆ ಬಿಡಿಸಿ ಬಿಡಿಸಿ ತಿಂದಿತು. ಅದು ಮುಗಿದಮೇಲೆ, ಒಣಗಿ ಸಡಿಲಾದ ಕೊಂಬೆಯನ್ನು ಕೊಂಬಿನಿಂದ ಆಚೆ ತಳ್ಳಿ, ಅಂಜೂರ ತಿಂದಿತು. ಬಂದವರಿಗೆ ಅವನು ಊಟಕ್ಕೆ ಮೊದಲು ಬಾಯಿರುಚಿಗೆ ಬೇರೆ ಬಡಿಸಿದಂತಾಯಿತು.

“ಬೇಲಿಯೇ ಹಾಕ್ಬಿಡ್ತೀನಿ,” ಎಂದ ಲೈನ್‌ಮನ್ ಅಂದು ಮಧ್ಯಾಹ್ನ. “ತಂತಿ ಎಳೆಯೋದು ನನಗೆ ಹೊಸದಾ?”

ಹೆಂಡತಿ ಮೆಷಿನ್ನಿನ ಚಕ್ರವನ್ನು ಅಂಗೈಯಲ್ಲಿ ತಡೆದಳು. “ಮೂರು ಕಡೆ ಗೋಡೆ ಇದೆ. ಬೇಲಿ ಹಾಕೋದು ಬೀಗರ ಕಡೆಗೆ ಮಾತ್ರ. ನಾಳೆ ಊರವರು ನೋಡಿ ಏನಂತಾರೆ? ಬೀಗಿತ್ತಿಯವರು ಏನಂದ್ಕೋತಾರೆ? ಬೇಲಿಯ ಆ ಕಡೆ ನಿಲ್ಲೋಳು ನಿಮ್ಮ ಮಗಳು.”

“ಹಾಗಾದ್ರೆ ಏನ್ ಮಾಡ್ಲಿ?”

“ನನ್ನನ್ನ ಕೇಳಿದ್ರೆ? ಹೋಗಿ ಹೇಳಿ. ಆಡು ಕಟ್ಕೊಳ್ಳಿ ಅಂತ.”

“ಬಹುವಚನದಲ್ಲಾ?”

ಅವಳು ಮೆಷಿನ್ ತುಳಿದಳು.

ಅವನು ಎರಡು ದಿನ ಯೋಚಿಸಿದ. ಮೂರನೇ ದಿನ ಕಂಬಗಳು ಬಂದವು. ಹದಿನಾರು ಕಂಬ, ನೆಲದಿಂದ ಐದಡಿ ಮೇಲೆ. ಬದುವಿನ ಉದ್ದಕ್ಕೂ ಮೂರು ಮೂರು ಮೀಟರಿಗೆ ಒಂದೊಂದು. ಬೀಗಿತ್ತಿಯವರು ಬಂದು ನಿಂತು ನೋಡಿದರು. ಕೇಳುವ ಮೊದಲೇ ಅವನು ಹೇಳಿದ: “ಬಟ್ಟೆ ಒಣಹಾಕೋದಕ್ಕೆ, ಬೀಗಿತ್ತಿಯವರೇ. ಇವಳು ಹೊಲಿಗೆಯವಳಲ್ವಾ, ಬಟ್ಟೆ ಜಾಸ್ತಿ.”

“ಒಳ್ಳೇದಾಯ್ತು. ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ,” ಎಂದರು ಅವರು.

ಸುಳ್ಳು ಇಷ್ಟು ಸಲೀಸಾಗಿ ಹೋಗುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಹುರುಪಿನಲ್ಲಿ ಮೇಲಿನ ಎರಡು ತಂತಿ ಎಳೆದ. ಎಳೆದಮೇಲೆ ತಿಳಿಯಿತು, ಬಟ್ಟೆ ಒಣಹಾಕುವ ತಂತಿಯಲ್ಲಿ ಬಟ್ಟೆ ಇರಬೇಕು. ಮೊದಲ ದಿನ ಮನೆಯಲ್ಲಿದ್ದ ಒಗೆದ ಬಟ್ಟೆಯೆಲ್ಲ ಹಾಕಿದರೂ ಮೂರು ಕಂಬದ ಅಂತರ ತುಂಬಲಿಲ್ಲ. ಎರಡನೇ ದಿನ ಅವನೇ ಬೀರು ತೆಗೆದು, ಇಸ್ತ್ರಿ ಮಾಡಿ ಇಟ್ಟಿದ್ದ ಬಟ್ಟೆಗಳನ್ನು ಬಕೆಟ್ಟಿನಲ್ಲಿ ಅದ್ದಿ ತಂದು ಹಾಕಿದ. ಹೆಂಡತಿ ಬಾಗಿಲಲ್ಲಿ ನಿಂತು, “ಆ ಕೋಟು ನಮ್ಮ ಮದುವೇದು. ಮೂವತ್ತು ವರ್ಷದಿಂದ ಯಾರೂ ಹಾಕಿಲ್ಲ,” ಎಂದಳು. “ಗಾಳಿ ಆಡ್ಲಿ,” ಎಂದ ಅವನು.

ಬೀಗಿತ್ತಿಯವರು ಒಳ್ಳೆಯ ಮನಸ್ಸಿನವರು. ಇಷ್ಟುದ್ದ ತಂತಿ ಖಾಲಿ ಇರುವುದನ್ನು ಕಂಡು ತಮ್ಮ ಮನೆಯ ಹೊದಿಕೆ, ಪರದೆಗಳನ್ನೂ ತಂದು ಹಾಕತೊಡಗಿದರು. “ನಿಮಗೇನೂ ತೊಂದರೆ ಇಲ್ಲ ತಾನೆ ಬೀಗರೇ?” “ಅಯ್ಯೋ, ನಿಮ್ಮದೇ ತಂತಿ ಅಂದ್ಕೊಳ್ಳಿ.” ನೇತಾಡುವ ಹೊದಿಕೆಗಳ ಮರೆಯಲ್ಲಿ ಹನ್ನೊಂದು ಆಡುಗಳೂ ತಲೆ ತಗ್ಗಿಸಿ, ನಾಟಕದ ಪರದೆ ಸರಿಸಿ ರಂಗಕ್ಕೆ ಬರುವವರ ಹಾಗೆ, ಒಂದೊಂದಾಗಿ ಒಳಗೆ ಬಂದವು. ಬರುವಾಗ ಮಾನಿಟರ್ ಲೈನ್‌ಮನ್‌ನ ಖಾಕಿ ಅಂಗಿಯ ಒಂದು ತೋಳನ್ನು ಮೊಣಕೈವರೆಗೆ ತಿಂದಿತು. ಆ ದಿನ ಹೋದದ್ದು ಏಳು ಅಂಜೂರ, ಎರಡು ದಾಳಿಂಬೆ, ಅರ್ಧ ತೋಳು.

ಎರಡು ಎಳೆ ಸಾಲದು. ಕೆಳಗಿನವರೆಗೂ ಎಳೆಯಬೇಕು. ಲೈನ್‌ಮನ್‌ಗೆ ಕರೆಂಟು ಹಾಯಿಸುವ ಯೋಚನೆ ಬರಲೇ ಇಲ್ಲವೇ ಎಂದು ಊರಿನವರು ಆಮೇಲೆ ಕೇಳಿದ್ದುಂಟು. ಬಂದಿರಲಿಲ್ಲ. ತಂತಿಗೆ ಸಿಕ್ಕವರನ್ನು ಅವನು ತನ್ನ ಕೈಯಾರೆ ಬಿಡಿಸಿ ಇಳಿಸಿದ್ದ. ಆ ಮಾತು ತೆಗೆದವರ ಜೊತೆ ಅವನು ಮುಂದೆ ಮಾತಾಡುತ್ತಿರಲಿಲ್ಲ.

ಸುಮ್ಮನೆ ಇನ್ನೂ ನಾಲ್ಕು ಎಳೆ ಎಳೆದ. ಒಟ್ಟು ಆರು. ಎಲ್ಲಕ್ಕಿಂತ ಕೆಳಗಿನದು ನೆಲದಿಂದ ಒಂದು ಗೇಣು. ಮಂಡಿಯೂರಿ ಅದನ್ನು ಕಂಬಕ್ಕೆ ಸುತ್ತುತ್ತಿದ್ದಾಗ ಎದುರಿಗೆ ಎರಡು ಚಪ್ಪಲಿ ಬಂದು ನಿಂತವು. ತಲೆ ಎತ್ತಿದರೆ ಬೀಗಿತ್ತಿಯವರು.

“ಬೀಗರೇ, ಇಷ್ಟು ಕೆಳಗೆ ಏನು ಒಣಗಿಸ್ತೀರಿ?”

ಅವನಿಗೆ ಹೊಳೆದದ್ದು ಕಾಲುಚೀಲ. ಬಾಯಿಂದ ಬಂದದ್ದು, “ಚಿಕ್ಕ ಬಟ್ಟೆ.”

“ಎಷ್ಟು ಚಿಕ್ಕದು?”

ಅವನು ಪ್ಲೇಯರ್ ಕೆಳಗಿಟ್ಟು ಎರಡು ಅಂಗೈಗಳನ್ನು ಒಂದು ಗೇಣು ಅಂತರದಲ್ಲಿ ಹಿಡಿದು ತೋರಿಸಿದ. “ಮುಂದೆ ಬೇಕಾಗುತ್ತಲ್ಲಾ.”

ಬೀಗಿತ್ತಿಯವರು ಆ ಅಂಗೈಗಳ ನಡುವಿನ ಖಾಲಿ ಜಾಗವನ್ನು ನೋಡಿದರು. ಆಮೇಲೆ ತಮ್ಮ ಮನೆಯ ಕಡೆ ನೋಡಿದರು. ಅವರ ಮುಖ ಮೆತ್ತಗಾಯಿತು. “ನನಗೆ ಇನ್ನೂ ಹೇಳಿಲ್ಲ ಅವಳು,” ಎಂದರು. “ತಾಯಿ ಮನೇಲಿ ಮೊದಲು ಹೇಳೋದು ಸಹಜ. ನಾನು ಗೊತ್ತಿಲ್ಲದವಳ ಹಾಗೇ ಇರ್ತೀನಿ, ಬೀಗರೇ.”

ಅವರು ಏನು ತಿಳಿದುಕೊಂಡರೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಅಲ್ಲ ಎನ್ನಲು ಬಾಯಿ ತೆರೆದ. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಇನ್ನು ನಾಲ್ಕು ಕಂಬ ಉಳಿದಿದ್ದವು. ಬಾಯಿ ಮುಚ್ಚಿಕೊಂಡು ತಂತಿ ಸುತ್ತಿದ.

ನಾಲ್ಕನೇ ದಿನ ಮಧ್ಯಾಹ್ನ ಮಗಳು ಬಂದಳು. ತಂತಿ ದಾಟಲಾಗದೆ ಬೀದಿ ಸುತ್ತಿ ಮುಂಬಾಗಿಲಿನಿಂದ ಬಂದಳು. ಬಂದವಳು ಕೂರಲಿಲ್ಲ.

“ಅಪ್ಪ, ನನಗೆ ಮಗು ಆಗುತ್ತೆ ಅಂತ ನಿನಗೆ ಯಾರು ಹೇಳಿದ್ರು?”

ಹೊಲಿಗೆ ಮೆಷಿನ್ ನಿಂತಿತು.

“ನಾಲ್ಕು ದಿನದಿಂದ ನನಗೆ ಬಕೆಟ್ ಎತ್ತೋಕೆ ಬಿಡ್ತಿಲ್ಲ ಅತ್ತೆ. ನಾನು ಎದ್ರೆ ಏಳ್ತಾರೆ, ಕೂತ್ರೆ ಕೂರ್ತಾರೆ. ಏನೂ ಕೇಳಲ್ಲ, ಬರೀ ನೋಡ್ತಾರೆ. ಇವತ್ತು ಅವರ ಕೋಣೆಗೆ ಹೋದ್ರೆ ತಮ್ಮ ಹಳೇ ಮೆತ್ತನೆ ಬಟ್ಟೆ ಎಲ್ಲ ಕತ್ತರಿಸಿ ಕೌದಿ ಹೊಲೀತಿದ್ರು. ಇಷ್ಟೇ ಇಷ್ಟು.” ಅವಳೂ ಎರಡು ಅಂಗೈ ಹಿಡಿದು ತೋರಿಸಿದಳು. “ಯಾರಿಗೆ ಅಂದ್ರೆ, ನಿಮ್ಮಪ್ಪ ಹೇಳಿದ್ರು ಅಂದ್ರು.”

ಲೈನ್‌ಮನ್ ಗೋಡೆ ನೋಡಿದ.

“ನಾಲ್ಕು ವರ್ಷ ಆಯ್ತು ನಮ್ಮ ಮದುವೆಯಾಗಿ. ಈ ವಿಷಯ ನಮ್ಮನೇಲಿ ಯಾರೂ ಬಾಯಿಬಿಟ್ಟು ಆಡಲ್ಲ. ಅವರೂ ಕೇಳಲ್ಲ, ನಾನೂ ಹೇಳಲ್ಲ. ನಿನ್ನ ನಾಲ್ಕು ಗಿಡಕ್ಕೋಸ್ಕರ ನೀನು...” ಅವಳು ಮಾತು ಮುಗಿಸಲಿಲ್ಲ. ಅಮ್ಮ ಕೊಟ್ಟ ನೀರಿನ ಲೋಟವನ್ನು ಮುಟ್ಟದೆ ಬಂದ ದಾರಿಯಲ್ಲೇ ಹೋದಳು.

 ಹೆಂಡತಿ ಎದ್ದು, ಇಸ್ತ್ರಿ ಮಾಡಿದ ಒಂದು ಅಂಗಿ ತಂದು ಅವನ ತೊಡೆಯ ಮೇಲೆ ಇಟ್ಟಳು. “ಮುಂಬಾಗಿಲಿಂದ ಹೋಗಿ,” ಅಂದಳು. ಅಷ್ಟೇ ಅಂದಳು.

ಬೀಗಿತ್ತಿಯವರ ಮುಂದಿನ ಕೋಣೆ ಹೆಡ್‌ಮಿಸ್ಟ್ರೆಸ್ ಕೋಣೆಯ ಹಾಗೇ ಇತ್ತು. ಮೇಜು, ಮೇಜಿನ ಈಚೆ ಒಂದು ಕುರ್ಚಿ, ಕಪಾಟಿನ ಗಾಜಿನ ಹಿಂದೆ ಬೆನ್ನು ತೋರಿಸಿ ನಿಂತ ಪುಸ್ತಕಗಳು, ಮೂಲೆಯಲ್ಲಿ ಹಿತ್ತಾಳೆ ಗಂಟೆ. ಮೇಜಿನ ಮೇಲೆ ಆ ಕೌದಿ. ಸೂಜಿ ಅದರಲ್ಲೇ ಚುಚ್ಚಿತ್ತು. ಲೈನ್‌ಮನ್ ಕುರ್ಚಿ ಹಿಂದೆ ನಿಂತ. 

“ಮಗು ವಿಷಯ ನಾನು ಹೇಳಿದ್ದು ಸುಳ್ಳು,” ಎಂದ. “ಹೇಳಿದ್ದೂ ಅಲ್ಲ. ನೀವು ತಪ್ಪು ತಿಳ್ಕೊಂಡ್ರಿ, ನಾನು ತಿದ್ದಲಿಲ್ಲ. ಅದು ಬಟ್ಟೆ ತಂತಿ ಅಲ್ಲ. ಬೇಲಿ. ನಿಮ್ಮ ಆಡು ನನ್ನ ಗಿಡ ತಿಂತಾವೆ.”

ಆಡುಗಳಿಗೆ ಅವನು ಮರ್ಯಾದೆಯ ಬಹುವಚನ ಬಿಟ್ಟದ್ದು ಅದೇ ಮೊದಲು. ಬೀಗಿತ್ತಿಯವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

“ತಿಂತಾವೆ ಅಂತ ನನಗೆ ಗೊತ್ತಿಲ್ವಾ, ಬೀಗರೇ? ನಿಮ್ಮ ಅಂಜೂರದ ಎಲೆ ತಿಂದು ನಮ್ಮ ಮಾನಿಟರ್‌ಗೆ ಮೂರು ಸಲ ಹೊಟ್ಟೆ ಕೆಟ್ಟಿದೆ. ಕೊಟ್ಟಿಗೆ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಗಿದೆ.”

“ಮತ್ತೆ ಕಟ್ಟಬಾರದಿತ್ತಾ?”

“ಹೇಗೆ ಕಟ್ಲಿ? ಗಿಡ ನೆಟ್ಟ ದಿನ ನೀವೇನಂದ್ರಿ? ಇದು ನಿಮ್ಮದೇ ತೋಟ ಅಂದ್ಕೊಳ್ಳಿ ಬೀಗಿತ್ತಿಯವರೇ ಅಂದ್ರಿ. ಆಡು ಬಂದಿದ್ರು, ತಗೊಂಡ್ರು, ರುಚಿ ನೋಡಿದ್ರು ಅಂತ ಇಷ್ಟು ಮರ್ಯಾದೆಯಿಂದ ಹೇಳ್ತಿದ್ರಿ. ಕಟ್ಟಿಹಾಕಿದ್ರೆ ನಿಮ್ಮ ಮನಸ್ಸಿಗೆ ನೋವಾಗುತ್ತೇನೋ ಅಂತ ಸುಮ್ಮನಿದ್ದೆ.”

ಬೇರೆ ದಿನವಾಗಿದ್ದರೆ ಇಬ್ಬರೂ ನಗಬಹುದಿತ್ತು. ಲೈನ್‌ಮನ್‌ನ ತುಟಿಯಂಚಿಗೆ ನಗು ಬಂದೂ ಬಂತು. ಆದರೆ ಬೀಗಿತ್ತಿಯವರು ಕೌದಿಯನ್ನು ಎತ್ತಿಕೊಂಡು, ಸೂಜಿ ತೆಗೆದು, ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಕಪಾಟಿನಲ್ಲಿ ಇಟ್ಟರು.

“ಆಡಿನ ವಿಷಯ ಬೇರೆ,” ಎಂದರು. “ಇದು ಬೇರೆ. ಇದಕ್ಕೆ ನನಗೆ ಸ್ವಲ್ಪ ದಿನ ಬೇಕು. ನೀವಿನ್ನು ಹೊರಡಿ.”

ಅಂದಿನಿಂದ ಆಡುಗಳು ಈ ಕಡೆ ಬರಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದ ಅವುಗಳ ಕೂಗು ಮಾತ್ರ ಕೇಳುತ್ತಿತ್ತು. ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಎಳೆದ ತಂತಿಗಳನ್ನೆಲ್ಲ ಇನ್ನೊಮ್ಮೆ ಬಿಗಿಯುವುದು ಅರ್ಧ ದಿನದ ಕೆಲಸ. ಲೈನ್‌ಮನ್ ಅದನ್ನು ಐದು ದಿನ ಮಾಡಿದ. ಪ್ರತಿ ಸಲ ಆ ಕಡೆ ಬಾಗಿಲು ಸದ್ದಾದಾಗಲೂ ತಲೆ ಎತ್ತುತ್ತಿದ್ದ. ಸಸಿಗಳು ನೆಮ್ಮದಿಯಾಗಿ ಚಿಗುರಿದವು. ನೋಡಿ ಸಂತೋಷಪಡುವ ಮನಸ್ಸು ಅವನಿಗಿರಲಿಲ್ಲ. ಏಳನೇ ದಿನ ಮಗಳು ಅಮ್ಮನ ಹತ್ತಿರ ಬಂದು, ಅಪ್ಪನ ಕಡೆ ನೋಡದೆ, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಅತ್ತೆಯೂ ತಾನೂ ಒಂದಿಡೀ ಸಂಜೆ ಕೂತು ಮಾತಾಡಿದ್ದನ್ನು ಹೇಳಿದಳು. ನಾಲ್ಕು ವರ್ಷದಲ್ಲಿ ಆಡದ್ದೆಲ್ಲ ಆಡಿದೆವು ಎಂದಳು. ಏನು ಆಡಿದರೆಂದು ಹೇಳಲಿಲ್ಲ. ಹೋಗುವಾಗ, “ಅಪ್ಪನ ಅಂಗಿಗೆ ತೋಳು ಹಚ್ಚಿಕೊಡಮ್ಮ, ಭಿಕ್ಷುಕನ ಹಾಗೆ ಕಾಣ್ತಾನೆ,” ಎಂದಳು. ಲೈನ್‌ಮನ್ ಆ ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡ.

ಹತ್ತನೇ ದಿನ ಬೆಳಗ್ಗೆ ಬದುವಿನ ಆಚೆ ಬೀಗಿತ್ತಿಯವರು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಮಾನಿಟರ್. ಅವರು ಬೇಲಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನಡೆದು ಹೋಗಿ, ತಿರುಗಿ ಬಂದು, ಬೆತ್ತದಿಂದ ಮೇಲಿನ ತಂತಿಯನ್ನು ಒಮ್ಮೆ ತಟ್ಟಿದರು.

“ಇದನ್ನ ಬೇಲಿ ಅಂತೀರಾ, ಬೀಗರೇ?”

“ಯಾಕೆ? ಆರು ಎಳೆ ಇದೆ.”

“ಹತ್ತಕ್ಕೆ ಮೂರು ಕೊಡಬಹುದು. ನೋಡ್ತಾ ಇರಿ.”

ಹಗ್ಗ ಬಿಚ್ಚಿದರು. ಮಾನಿಟರ್ ಒಮ್ಮೆ ಒಡತಿಯ ಮುಖ, ಒಮ್ಮೆ ಲೈನ್‌ಮನ್‌ನ ಮುಖ ನೋಡಿತು. ಆಮೇಲೆ ಮೂಲೆಕಂಬದ ಹತ್ತಿರ ಹೋಯಿತು. ಮೂಲೆಕಂಬ ವಾಲದಿರಲಿ ಎಂದು ಲೈನ್‌ಮನ್ ಅದಕ್ಕೆ ಓರೆಯಾಗಿ ಒಂದು ಆಸರೆಕಂಬ ಕೊಟ್ಟಿದ್ದ, ಆಚೆ ಕಡೆಯಿಂದ. ಆಡು ಆ ಓರೆಕಂಬದ ಮೇಲೆ ಕಾಲಿಗೆ ಕಾಲು ಕೂಡಿಸಿಟ್ಟು, ಮೆಟ್ಟಿಲು ಹತ್ತುವ ಹಾಗೆ ತುದಿಯವರೆಗೆ ಹತ್ತಿ, ಅಲ್ಲಿ ಕ್ಷಣ ನಿಂತು ಇಡೀ ತೋಟವನ್ನು ಅವಲೋಕಿಸಿ, ಒಳಗೆ ಧುಮುಕಿತು. ಹಾಜರಿ ತೆಗೆದುಕೊಳ್ಳುವವಳ ಹಾಗೆ ಮೊದಲ ಸಾಲಿನ ಕಡೆ ಹೊರಟಿತು.

“ಮೂವತ್ತನಾಲ್ಕು ವರ್ಷ ಕಂಬ ಹತ್ತಿದವರು ನೀವು,” ಎಂದರು ಬೀಗಿತ್ತಿಯವರು. “ನನ್ನ ಆಡಿಗೂ ಹತ್ತೋದು ಕಲಿಸ್ಕೊಟ್ರಿ. ಹಿಡ್ಕೊಂಡು ಬನ್ನಿ ಅವಳನ್ನ.”

ಅವನು ಓಡಿದ. ಹಿಡಿಯಲು ಕಾಲು ಗಂಟೆ ಬೇಕಾಯಿತು. ಕೊಂಬು ಹಿಡಿದು ಎಳೆದು ತರುವಾಗ ಅವನ ಬಾಯಿಂದ ಮದುವೆಯ ದಿನದಿಂದ ತಡೆದಿಟ್ಟಿದ್ದ ಒಂದು ಮಾತು ಹಾಗೇ ಹೊರಬಿತ್ತು. ಬಿದ್ದಮೇಲೆ ಅವನು ಕಲ್ಲಾದ. ಬೀಗಿತ್ತಿಯವರು ತಲೆ ಓರೆ ಮಾಡಿ ಕೇಳಿಸಿಕೊಂಡು, “ಮಾನಿಟರ್‌ಗೆ ಸರಿಯಾಗಿ ಹೊಂದುತ್ತೆ,” ಅಂದರು.

ಆಮೇಲೆ ಅವರು ಹೇಳುತ್ತ ಹೋದರು, ಅವನು ಮಾಡುತ್ತ ಹೋದ. ಓರೆಕಂಬ ಕಿತ್ತು, ಅದರ ಬದಲು ಕಂಬ ವಾಲದಂತೆ ಹಿಡಿಯುವ ಸ್ಟೇ ತಂತಿಯನ್ನು ಈಚೆ ಕಡೆಯಿಂದ ಎಳೆದು ನೆಲಕ್ಕೆ ಬಿಗಿದ. ಅದು ಅವನ ಹಳೇ ವಿದ್ಯೆ. ಬಿಡಿ ಎಳೆಗಳಿಂದ ಪ್ರಯೋಜನವಿಲ್ಲ, ತಲೆ ತೂರಿದರೆ ಮೈಯೂ ತೂರುತ್ತದೆ ಎಂದು ಅವರು ಹೇಳಿದ್ದರಿಂದ ಕೆಳಗಿನ ಮೂರಡಿಗೆ ಜಾಲರಿ ತಂದು ಕಟ್ಟಿದ. ಮೊದಲು ತಂದ ಜಾಲರಿಯ ಕಣ್ಣು ದೊಡ್ಡದು. ಕೊಂಬು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ, ಸಿಕ್ಕಿಕೊಂಡು ಸಾಯುತ್ತವೆ ಎಂದು ಅವರು ವಾಪಸು ಕಳಿಸಿದರು. ಚಿಕ್ಕ ಕಣ್ಣಿನದು ಬಂತು. ಎರಡು ಕಡೆ ನೆಲ ತಗ್ಗಾಗಿ ಜಾಲರಿಯ ಕೆಳಗೆ ಸಂದು ಉಳಿದಿತ್ತು. ಅಲ್ಲಿ ಬೀಗಿತ್ತಿಯವರೇ ಕುಕ್ಕರಗಾಲಲ್ಲಿ ಕೂತು ಕಲ್ಲು ಒತ್ತಿದರು. ಒಂದೊಂದು ಕೆಲಸ ಮುಗಿದಾಗಲೂ ಮಾನಿಟರನ್ನು ಬಿಟ್ಟು ಪರೀಕ್ಷೆ. ಅಂಕ ಮೂರರಿಂದ ಐದಾಯಿತು, ಆರಾಯಿತು, ಎಂಟರಲ್ಲಿ ನಿಂತಿತು. ಮಿಕ್ಕ ಎರಡು ಯಾಕಿಲ್ಲ ಎಂದು ಅವನು ಕೇಳಿದ. “ಬಾಗಿಲೇ ಇಲ್ವಲ್ಲ,” ಎಂದಳು ಮಗಳು, ಆಚೆ ಕಡೆ ನಿಂತವಳು. “ನಾನು ಜೀವನಪೂರ್ತಿ ಬೀದಿ ಸುತ್ತಿ ಬರ್ಲಾ?”

ಬಾಗಿಲು ಬಂತು. ಒಂದು ವಾರದಲ್ಲಿ ಮಾನಿಟರ್ ಚಿಲಕವನ್ನು ಮೂತಿಯಿಂದ ಎತ್ತುವುದು ಕಲಿತಿತು. ಎರಡು ಕೈ ಬಳಸಿದರೆ ಮಾತ್ರ ತೆಗೆಯಬಹುದಾದ ಒಂದು ಕೊಂಡಿಯನ್ನು ಲೈನ್‌ಮನ್ ತಾನೇ ಬಾಗಿಸಿ ಮಾಡಿದ.

ತಲೆ ಹೋಗಿದ್ದ ಅಂಜೂರಗಳು ಬುಡದಿಂದ ಮೂರು ಮೂರು ಕವಲು ಒಡೆದು, ಹಾಗೇ ಬಿಟ್ಟಿದ್ದವುಗಳಿಗಿಂತ ಪೊದೆಯಾಗಿ ಬೆಳೆದವು. ಅದನ್ನು ಅವನು ಬೀಗಿತ್ತಿಯವರಿಗೆ ಹೇಳಲಿಲ್ಲ. ಅವರಿಗೇ ಕಂಡಿತು. ಮೂರನೇ ವರ್ಷ ಮೊದಲ ಹಣ್ಣು. ಸವರಿದ ದಾಳಿಂಬೆಯ ಟೊಂಗೆಗಳನ್ನೂ ಒಣಗಿಸಿದ ಎಲೆಯನ್ನೂ ಅವನು ಬೇಲಿಯ ಮೇಲಿಂದ ಆಡುಗಳಿಗೆ ಕೊಡುತ್ತಿದ್ದ, ಲೆಕ್ಕ ಮಾಡಿ, ಹೊಟ್ಟೆ ಕೆಡದಷ್ಟು. ಅಂಜೂರ ಕೇಳಿದರೂ ಕೊಡುತ್ತಿರಲಿಲ್ಲ. ಆಡುಗಳು ಕೇಳುತ್ತಿದ್ದವು, ಅದರಲ್ಲಿ ಅನುಮಾನವಿಲ್ಲ.

ಆ ವರ್ಷವೇ ಒಂದು ದಿನ ಬೀಗಿತ್ತಿಯವರು ಹಣ್ಣು ಕೊಯ್ಯಲು ಪಾತ್ರೆ ಹಿಡಿದು ಒಳಗೆ ಬಂದು ಹೋದ ಅರ್ಧ ಗಂಟೆಗೆ ಹನ್ನೊಂದು ಆಡುಗಳೂ ತೋಟದಲ್ಲಿದ್ದವು. ಬಾಗಿಲು ಹಾರುಹೊಡೆದಿತ್ತು. ಲೈನ್‌ಮನ್ ಎಲ್ಲವನ್ನೂ ಅಟ್ಟಿ, ಐದು ದಾಳಿಂಬೆ ಗಿಡದ ಗತಿ ನೋಡಿ, ಬಾಗಿಲ ಹತ್ತಿರ ಬಂದು ನಿಂತು ಕರೆದ.

“ಬಾಗಿಲು ತೆಗೆದಿಟ್ಟು ಹೋಗಿದ್ದೀರಿ.”

“ನಾನಲ್ಲ,” ಎಂದರು ಬೀಗಿತ್ತಿಯವರು, ಅಡುಗೆಮನೆ ಕಿಟಕಿಯಿಂದ.

“ನೀವೇ. ಎರಡು ಕೈ ಬೇಕು ಆ ಕೊಂಡಿಗೆ. ಆಡಿಗೆ ಕೈ ಇದೆಯಾ?”

“ನಿಮ್ಮ ಕೊಂಡಿ ಸರಿ ಇಲ್ಲ.”

“ನನ್ನ ಕೊಂಡಿಗೆ ಏನಾಗಿದೆ? ಬನ್ನಿ, ಇಲ್ಲಿ ಬಂದು ತೋರಿಸಿ.”

ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕೊಂಡಿಯ ಒಂದು ಕಡೆ ಅವನು, ಒಂದು ಕಡೆ ಅವರು ನಿಂತು, ಹಾಕಿ, ತೆಗೆದು, ಮತ್ತೆ ಹಾಕಿ ವಾದ ಮಾಡಿದರು. ಮಧ್ಯೆ ಅವನ ದನಿ ಎರಡು ಸಲ ಕಂಬದ ಎತ್ತರಕ್ಕೆ ಏರಿತು. ಅವರ ದನಿ ಕೊನೇ ಬೆಂಚಿನವರೆಗೂ ಕೇಳುವಂಥದು. ಕೆಳಬೀದಿಯಿಂದ ಒಬ್ಬರು ಇಣುಕಿ, ಏನೋ ಆಗಿದೆಯೆಂದುಕೊಂಡು ಲೈನ್‌ಮನ್‌ನ ಹೆಂಡತಿಯನ್ನು ಕೇಳಿದರು.

“ಏನಿಲ್ಲ,” ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. “ಬೀಗರು ಮಾತಾಡ್ತಿದ್ದಾರೆ.”

ಮಗಳು ಆ ಕಡೆಯ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಜಡೆ ಮುಗಿಯುವವರೆಗೂ ಏಳಲಿಲ್ಲ.